ಜೈವಿಕ ಗುರುತು ಮತ್ತು ಖಾಸಗಿತನ: ಹೆಬ್ಬೆಟ್ಟಿನಿಂದ ಆಧಾರ್‌ವರೆಗೆ

ಬೆರಳಚ್ಚು, ಕಣ್ಣಿನ ಪಾಪೆಯ ವಿನ್ಯಾಸ, ಮುಖಚಹರೆ ಮುಂತಾದ ಶಾರೀರಿಕ ಲಕ್ಷಣಗಳನ್ನು ಅಂಕಿಗಳ ರೂಪದಲ್ಲಿ ಕೂಡಿಟ್ಟು, ಅವುಗಳ ಮೂಲಕ ವ್ಯಕ್ತಿಯನ್ನು ಗುರುತಿಸುವ ಕ್ರಮವೇ ಬಯೋಮೆಟ್ರಿಕ್ ಅಥವಾ ಜೈವಿಕ ಗುರುತು. ಇದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. 1858ರಲ್ಲಿ ಬಂಗಾಳದ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ ಗುತ್ತಿಗೆದಾರನೊಬ್ಬನಿಂದ ಕರಾರುಪತ್ರದ ಮೇಲೆ ಅಂಗೈಯ ಮುದ್ರೆಯನ್ನು ಪಡೆದನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಸ್ಥಾಪನೆಯಾಯಿತು. ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ದುಡಿದು ರೂಪಿಸಿದ ವರ್ಗೀಕರಣಕ್ಕೆ ಮೇಲಧಿಕಾರಿ ಹೆನ್ರಿಯ ಹೆಸರೇ ಉಳಿದದ್ದು ಬೇರೆ ಮಾತು!

ಬ್ಯಾಂಕುಗಳಲ್ಲಿ ಅನಕ್ಷರಸ್ಥ ಗ್ರಾಹಕರ ಹೆಬ್ಬೆಟ್ಟಿನ ಗುರುತನ್ನು ತಲೆಮಾರುಗಳಿಂದ ಪಡೆಯಲಾಗುತ್ತಿದೆ. ಆದರೆ ಆ ಮಸಿಯ ಗುರುತು ಶಾಖೆಯ ಕಪಾಟಿನೊಳಗೆ ಭದ್ರವಾಗಿರುತ್ತಿತ್ತು. ಗಣಕಯಂತ್ರ ಸೇರಿದ ಬೆರಳಚ್ಚಿಗೆ ಆ ಕಟ್ಟುಪಾಡಿಲ್ಲ. ಗುಪ್ತಸಂಖ್ಯೆ ಸೋರಿದರೆ ಬೇರೊಂದನ್ನು ಪಡೆಯಬಹುದು, ಬೆರಳನ್ನು ಬದಲಿಸುವುದು ಹೇಗೆ?

ವಿಶಿಷ್ಟ ಗುರುತು ಪ್ರಾಧಿಕಾರವು 2009ರಲ್ಲಿ ಸ್ಥಾಪನೆಯಾಗಿ, ಬೆಂಗಳೂರಿನವರಾದ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರಾದರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿ ಗ್ರಾಮದಲ್ಲಿ ಪ್ರಥಮ ಆಧಾರ್ ಸಂಖ್ಯೆಯನ್ನು ವಿತರಿಸಲಾಯಿತು. ವಯಸ್ಕರಿಂದ ಹತ್ತು ಬೆರಳುಗಳ ಅಚ್ಚು, ಎರಡು ಕಣ್ಣುಗಳ ಪಾಪೆ ಮತ್ತು ಭಾವಚಿತ್ರವನ್ನು ಪಡೆಯಲಾಗುತ್ತದೆ. ಇಂದು 130 ಕೋಟಿಗೂ ಹೆಚ್ಚು ಸಂಖ್ಯೆಗಳು ನೀಡಲ್ಪಟ್ಟಿವೆ.

ಈ ಯೋಜನೆಯನ್ನು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ ಎಂಬತ್ತು ದಾಟಿತ್ತು ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ಅವರ ಹೆಸರಿನ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠವು ಬಹುಮತದಿಂದ ಆಧಾರ್ ಕಾಯಿದೆಯನ್ನು ಎತ್ತಿಹಿಡಿದರೂ, ಬ್ಯಾಂಕ್ ಖಾತೆಗೂ ಮೊಬೈಲ್ ಸಂಪರ್ಕಕ್ಕೂ ಆಧಾರ್ ಜೋಡಣೆಯ ಕಡ್ಡಾಯವನ್ನು ರದ್ದುಪಡಿಸಿತು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಭಿನ್ನಮತದ ತೀರ್ಪನ್ನಿತ್ತರು.

ನೈಜ ಅಪಾಯ ಕಂಡದ್ದು ಬೇರೆಡೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಗ್ರಾಹಕನು ಬ್ಯಾಂಕಿನ ಹೆಸರನ್ನೂ ಆಧಾರ್ ಸಂಖ್ಯೆಯನ್ನೂ ತಿಳಿಸಿ ಬೆರಳೊತ್ತಿದರೆ ಬ್ಯಾಂಕ್ ಮಿತ್ರನಲ್ಲಿ ಹಣ ದೊರೆಯುತ್ತದೆ. ಗ್ರಾಮೀಣ ವೃದ್ಧರಿಗೆ ಇದು ವರವೇ ಸರಿ. ಆದರೆ 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಗಳಿಂದ ಹಣ ಮಾಯವಾಯಿತು. ಕಾವೇರಿ ಜಾಲತಾಣದಲ್ಲಿ ದೊರೆಯುತ್ತಿದ್ದ ಪತ್ರಗಳಲ್ಲಿನ ಬೆರಳಚ್ಚನ್ನು ವಂಚಕರು ನಕಲು ಮಾಡಿದ ಶಂಕೆ ಬಲವಾಗಿ ಮೂಡಿತು. ಬಳಿಕ ಪತ್ರಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಬಂದಿತು. ಊರಿನ ಜಮೀನನ್ನು ಮಾರಿ ಅಥವಾ ಪಾಲು ಮಾಡಿಕೊಂಡು ಇಲ್ಲಿ ನೆಲೆಸಿರುವ ನಮ್ಮವರಿಗೆ ಈ ವಿಷಯ ದೂರದ್ದಲ್ಲ.

ಪ್ರಾಧಿಕಾರದ ಜಾಲತಾಣದಲ್ಲಿ ತಮ್ಮ ಜೈವಿಕ ಮಾಹಿತಿಗೆ ಬೀಗ ಹಾಕಿಕೊಳ್ಳುವ ಸೌಲಭ್ಯವಿದೆ. ಬೀಗವಿರುವಾಗ ಬೆರಳೊತ್ತಿದರೂ ದೃಢೀಕರಣವಾಗದು. ಅಗತ್ಯವಿದ್ದಾಗ ತಾತ್ಕಾಲಿಕವಾಗಿ ತೆರೆಯಬಹುದು. ನಕಲು ಪ್ರತಿ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಆಧಾರ್ ಪ್ರತಿ ಸಾಮಾನ್ಯವಾಗಿ ಸಾಕು. ಹೋಟೆಲಿನ ಕೌಂಟರಿನಲ್ಲಿ ಪೂರ್ಣ ಪ್ರತಿಯನ್ನು ಬಿಟ್ಟು ಬರುವ ನಮ್ಮ ಉದಾರತೆ ಅನಗತ್ಯ. ತಾವು ಮಾಡದ ವಹಿವಾಟಿನ ಸಂದೇಶ ಬಂದರೆ ತಡಮಾಡದೆ ಬ್ಯಾಂಕಿಗೂ, 1930 ಸಹಾಯವಾಣಿಗೂ ದೂರು ನೀಡಬೇಕು.

ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆ 2023ರಲ್ಲಿ ಅಂಗೀಕಾರವಾದರೂ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅವಕಾಶ ಅದರಲ್ಲಿ ವಿಶಾಲವಾಗಿದೆ. 2022ರ ಇನ್ನೊಂದು ಕಾಯಿದೆಯು ಬಂಧಿತರ ಜೈವಿಕ ದಾಖಲೆಗಳನ್ನು 75 ವರ್ಷ ಕಾದಿರಿಸಲು ಅನುಮತಿಸುತ್ತದೆ.

ಬೀಗದ ಸೌಲಭ್ಯಕ್ಕೆ ಆಧಾರ್‌ನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಊರಿನಲ್ಲಿರುವ ಹಿರಿಯರ ಸಂಖ್ಯೆ ಹಳೆಯದಾಗಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅವರನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬದಲಿಸಿಕೊಡುವುದು ಒಳಿತು.