ಒಂದು ವಿದ್ಯಾರ್ಥಿ ಸಂಘ, ಎರಡು ಹಾದಿ

ಶಾಲಾ ಮಕ್ಕಳ ಸಂಘಕ್ಕಾಗಿ ಸಂಸತ್ತೇ ಕಾನೂನು ಮಾಡಿದ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದ ಪ್ರೌಢಶಾಲೆಗಳ ಕೃಷಿ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಬಂತು. ಶಿಕ್ಷಕರ ಸಂಬಳಕ್ಕೆ ನೆರವು ಸಿಕ್ಕಿತು. ವಿದ್ಯಾರ್ಥಿಗಳು ವರ್ಷಕ್ಕೆ ಕನಿಷ್ಠ ಆರು ತಿಂಗಳು ಹೊಲದಲ್ಲೂ ಕಲಿಯಬೇಕೆಂಬ ನಿಯಮವಾಯಿತು. ಈ ತರಗತಿಗಳ ಹುಡುಗರು ಸೇರಿ 1928ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ' ಎಂಬ ಸಂಘ ಕಟ್ಟಿದರು. ಬೇಸಾಯದ ಜೊತೆಗೆ ಸಭೆ ನಡೆಸುವುದು, ಲೆಕ್ಕ ಇಡುವುದು, ನಾಲ್ಕು ಜನರ ಮುಂದೆ ಮಾತಾಡುವುದು ಇವನ್ನೂ ಅಲ್ಲಿ ಕಲಿತರು.

ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಶಾಲೆಯೇ ಬೇರೆ. ಅವರು 1935ರಲ್ಲಿ ಟಸ್ಕೀಗೀಯಲ್ಲಿ 'ನ್ಯೂ ಫಾರ್ಮರ್ಸ್ ಆಫ್ ಅಮೆರಿಕ' ಎಂಬ ತಮ್ಮದೇ ರಾಷ್ಟ್ರೀಯ ಸಂಘ ಮಾಡಿಕೊಂಡರು. 1950ರಲ್ಲಿ ಸಂಸತ್ತು ಕಾನೂನಿನ ಮಾನ್ಯತೆ ಕೊಟ್ಟದ್ದು ಮೊದಲನೆಯ ಸಂಘಕ್ಕೆ ಮಾತ್ರ.

ಸರ್ಕಾರದ ಹಣ ಪಡೆಯುವಲ್ಲಿ ವರ್ಣಭೇದ ಸಲ್ಲದು ಎಂದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಸಾರಿತು. ಮರುವರ್ಷವೇ ಎರಡು ಸಂಘಗಳು ಒಂದಾದವು. 50 ಸಾವಿರಕ್ಕೂ ಹೆಚ್ಚು ಕಪ್ಪು ಹುಡುಗರು ದೊಡ್ಡ ಸಂಘಕ್ಕೆ ಸೇರಿದರು. ಅವರ ಸಂಘದ ಹೆಸರು, ಲಾಂಛನ ಮಾತ್ರ ಉಳಿಯಲಿಲ್ಲ. ಹುಡುಗಿಯರಿಗೆ ರಾಷ್ಟ್ರಮಟ್ಟದಲ್ಲಿ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ.

ಬೇರೆ ಬೇರೆ ಶಾಲೆಗಳನ್ನು ಸಾಕಿದ್ದೂ ಸರ್ಕಾರದ ಹಣವೇ, ಮುಂದೆ ಅವನ್ನು ಕೂಡಿಸಿದ್ದೂ ಆ ಹಣದ ಷರತ್ತೇ. ನೆರವು ಎಷ್ಟು ಬಂತು ಎಂಬುದರ ಜೊತೆಗೆ ಅದು ಯಾರನ್ನು ಮುಟ್ಟಲಿಲ್ಲ ಎಂದೂ ಕೇಳಬೇಕು. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕಗಳನ್ನು ತೆರೆದಾಗಲೂ ಈ ಪ್ರಶ್ನೆ ನಮ್ಮ ಜೊತೆಗಿರಲಿ.