ಮೂಲ ಜೀಪು ಯಾವುದು?

ಎರಡನೆಯ ಮಹಾಯುದ್ಧದ ಪಾಠ ಬಂದಾಗಲೆಲ್ಲ ನಾನು ಜೀಪಿನ ಕಥೆ ಹೇಳದೆ ಮುಂದೆ ಹೋಗುತ್ತಿರಲಿಲ್ಲವೆಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಕಥೆಯನ್ನು ಮತ್ತೊಮ್ಮೆ ಹೇಳುವ ಸಂದರ್ಭ ಈಗ ಒದಗಿದೆ.

ತೀರ್ಥಹಳ್ಳಿ ಸೀಮೆಯಲ್ಲಿರುವ ನಮ್ಮ ದೊಡ್ಡಪ್ಪನ ಮನೆಯ ಹಳೆಯ ಜೀಪು ಇಂದಿಗೂ ತೋಟದಿಂದ ಅಡಿಕೆಗೊನೆ ಹೊತ್ತು ತರುತ್ತದೆ. ಅದನ್ನು 'ಮೂಲ ಸ್ವರೂಪ'ಕ್ಕೆ ತರಬೇಕೆಂದು ದೊಡ್ಡಪ್ಪನ ಮೊಮ್ಮಗ ಹೊರಟಿದ್ದಾನೆ. 1988ರಲ್ಲಿ ದೊಡ್ಡಪ್ಪ ಕೂರಿಸಿದ ಡೀಸೆಲ್ ಎಂಜಿನ್ನನ್ನು ತೆಗೆದು ಮಾರಿ, ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ಕುಳಿತಿರುವ ಹಳೆಯ ಪೆಟ್ರೋಲ್ ಎಂಜಿನ್ನನ್ನು ಮತ್ತೆ ಜೋಡಿಸುವುದು ಅವನ ಯೋಜನೆ. 2021ರ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದಿರುವ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. "ಚಿಕ್ಕಪ್ಪ, ನೀವು ಇತಿಹಾಸದ ಮೇಷ್ಟ್ರು, ನಿಮಗೆ ಖುಷಿಯಾಗುತ್ತೆ ಅಂದ್ಕೊಂಡೆ" ಎಂದು ಫೋನಿನಲ್ಲಿ ಹೇಳಿದ. ನನ್ನಿಂದ ಕೂಡಲೇ ಉತ್ತರ ಹೊರಡಲಿಲ್ಲ. ಮೂಲ ಎಂದರೆ ಯಾವುದು ಎಂಬ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು.

1940ರ ಬೇಸಗೆಯಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ ಸಣ್ಣ ವಾಹನವೊಂದಕ್ಕಾಗಿ 135 ಕಂಪನಿಗಳಿಗೆ ಪತ್ರ ಬರೆಯಿತು. ಮುಂದೆ ಬಂದವು ಎರಡೇ: ಪೆನ್ಸಿಲ್ವೇನಿಯಾದ ಪುಟ್ಟ ಕಂಪನಿ ಬ್ಯಾಂಟಮ್ ಮತ್ತು ಟೊಲೀಡೊ ನಗರದ ವಿಲ್ಲಿಸ್. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಬ್ಯಾಂಟಮ್‌ಗಾಗಿ ನಕ್ಷೆ ತಯಾರಿಸಿಕೊಟ್ಟನು. ಮೊದಲ ಗಾಡಿ 1940ರ ಸೆಪ್ಟೆಂಬರ್ 23ರಂದು ಸೈನ್ಯದ ಕೈ ಸೇರಿತು. ಆದರೆ ಅಷ್ಟು ಚಿಕ್ಕ ಕಂಪನಿ ಯುದ್ಧಕ್ಕೆ ಬೇಕಾದಷ್ಟು ಗಾಡಿಗಳನ್ನು ಪೂರೈಸಲಾರದೆಂದು ಬಗೆದ ಸೈನ್ಯವು ಆ ವಿನ್ಯಾಸವನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿತು. ಕೊನೆಗೆ ಗೆದ್ದದ್ದು ವಿಲ್ಲಿಸ್. 60 ಅಶ್ವಶಕ್ತಿಯ, 2.2 ಲೀಟರಿನ ಅದರ ಎಂಜಿನ್ನು ಉಳಿದೆರಡಕ್ಕಿಂತ ಬಲಶಾಲಿಯಾಗಿತ್ತು. ಮುಂದೆ ಅದೇ ಮಾದರಿಯನ್ನು ಫೋರ್ಡ್ ಕೂಡ ತಯಾರಿಸಿತು. ನಮಗೆಲ್ಲ ಪರಿಚಿತವಾದ, ತಗಡನ್ನೇ ಒತ್ತಿ ಸೀಳುಗಳನ್ನು ತೆಗೆದ ಮುಂಭಾಗದ ಜಾಲರಿ ಫೋರ್ಡಿನ ಕೊಡುಗೆ. ಯುದ್ಧ ಮುಗಿಯುವ ಹೊತ್ತಿಗೆ ಈ ಕಂಪನಿಗಳಿಂದ ಸುಮಾರು 6.4 ಲಕ್ಷ ಜೀಪುಗಳು ಹೊರಬಂದಿದ್ದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಿಲ್ಲಿಸ್ ಜೀಪಿನ ಬಿಡಿಭಾಗ ಫೋರ್ಡ್ ಜೀಪಿಗೆ ಹೊಂದಬೇಕೆಂಬುದು ಸೈನ್ಯದ ಕರಾರು. ರಣರಂಗದಲ್ಲಿ ಕೆಟ್ಟು ನಿಂತ ಎರಡು ಗಾಡಿಗಳಿಂದ ಓಡುವ ಒಂದು ಗಾಡಿಯನ್ನು ಕಟ್ಟಿಕೊಳ್ಳಬಹುದಿತ್ತು. ಎಣ್ಣೆ, ನೀರು, ಗಾಳಿ ನೋಡಿಕೊಳ್ಳುವಂತಹ ದಿನನಿತ್ಯದ ಆರೈಕೆಯನ್ನು ಸೈನ್ಯದ ಕೈಪಿಡಿಯು ಚಾಲಕನಿಗೇ ವಹಿಸಿತ್ತು. ಅಂದರೆ ಜೀಪು ಹುಟ್ಟಿದ್ದೇ ಮೂವರ ಕೈಯಲ್ಲಿ. ರಿಪೇರಿಯ ವಿಚಾರ ಅದರ ನಕ್ಷೆಯಲ್ಲೇ ಸೇರಿತ್ತು.

ಯುದ್ಧಾನಂತರ ಅದು ರೈತರ ಗಾಡಿಯಾಯಿತು. 1945ರಲ್ಲಿ ಸ್ಥಾಪನೆಯಾಗಿ 1948ರಲ್ಲಿ ಇಂದಿನ ಹೆಸರು ಪಡೆದ ಮಹೀಂದ್ರ ಅಂಡ್ ಮಹೀಂದ್ರ ಕಂಪನಿ, ಆ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿತು. 1953ರಲ್ಲಿ ವಿಲ್ಲಿಸ್ ಹೊರತಂದ ಸಿ.ಜೆ. 3ಬಿ ಮಾದರಿಯೇ ನಮ್ಮ ಮಲೆನಾಡಿನವರು 'ಜೀಪು' ಎಂದು ಕಣ್ಣುಮುಚ್ಚಿ ನೆನೆಸಿಕೊಳ್ಳುವ ಗಾಡಿ. ಹೊಸ ಎಂಜಿನ್ನು ಹಳೆಯದಕ್ಕಿಂತ ಎತ್ತರವಾಗಿದ್ದುದರಿಂದ ಅದಕ್ಕೆ ಆ ಎತ್ತರದ ಬಾನೆಟ್ಟು ಬಂತು. ಸ್ಟಿಯರಿಂಗ್ ಎಡಗಡೆ, ಹಿಂದೆ 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂಬ ಬರಹ. ಅದು ಕಂಪನಿಯ ಹೆಸರೆಂದೇ ನಾನು ಬಾಲ್ಯದಲ್ಲಿ ತಿಳಿದಿದ್ದೆ!

ದೊಡ್ಡಪ್ಪ 1960ರ ದಶಕದ ಕೊನೆಯಲ್ಲಿ ಸರ್ಕಾರಿ ಹರಾಜಿನಲ್ಲಿ ಕೊಂಡದ್ದು ಇಂತಹುದೇ ಒಂದು. ಹತ್ತಿರದಲ್ಲಿ ಮೆಕ್ಯಾನಿಕ್ ಇರಲಿಲ್ಲ. ಮಳೆಗಾಲದಲ್ಲಂತೂ ಹಳ್ಳ ದಾಟಿ ಯಾರೂ ಬರುವಂತಿರಲಿಲ್ಲ. ದೊಡ್ಡಪ್ಪ ತಾನೇ ಕಲಿತ. ಕಲಿತದ್ದನ್ನೆಲ್ಲ ಅಡಿಕೆ ಲೆಕ್ಕದ ನೋಟುಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟ. ನಾಲ್ಕು ಸಿಲಿಂಡರುಗಳಲ್ಲಿ ಕಿಡಿ ಹಾರುವ ಕ್ರಮ 1-3-4-2 ಎಂಬುದನ್ನು ನಾನು ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿದ್ದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಸಂದು ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಅಳೆಯುವ ಗೇಜು ಸಿಗದ ದಿನ ಮಡಿಸಿದ ಪೋಸ್ಟ್ ಕಾರ್ಡೇ ಗೇಜು. ಬೇಸಗೆಯಲ್ಲಿ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ. ಹಳ್ಳ ದಾಟಿದ ಮೇಲೆ ಒದ್ದೆಯಾದ ಬ್ರೇಕು ಹಿಡಿಯುವುದಿಲ್ಲವಾದ್ದರಿಂದ, ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಡ್ರಮ್ಮುಗಳನ್ನು ಒಣಗಿಸಬೇಕು. ಇವೆಲ್ಲ ಆ ಪುಸ್ತಕದಲ್ಲಿವೆ.

1974ರ ಪುನರ್ವಸು ಮಳೆಯ ಒಂದು ರಾತ್ರಿಯ ಬರಹವೂ ಅದರಲ್ಲಿದೆ: 'ಪಂಪಿನ ಡಯಾಫ್ರಾಮ್ ಹರಿಯಿತು. ಡಬ್ಬದಿಂದ ನಡೆಸಿದೆ.' ಅಷ್ಟೇ. ಆ ರಾತ್ರಿ ಜೀಪಿನ ಹಿಂದಿನ ಸೀಟಿನಲ್ಲಿ ಹೆರಿಗೆ ನೋವಿನಿಂದ ನರಳುತ್ತಿದ್ದ ಅತ್ತಿಗೆಯಿದ್ದರು. ಆಸ್ಪತ್ರೆ ಇನ್ನೂ ಬಹುದೂರವಿರುವಾಗ ಎಂಜಿನ್ನು ಕೆಮ್ಮಿ ನಿಂತಿತು. ದೊಡ್ಡಪ್ಪ ಸೀಟಿನ ಕೆಳಗಿನ ಟ್ಯಾಂಕಿನಿಂದ ರಬ್ಬರ್ ಕೊಳವೆಯಲ್ಲಿ ಪೆಟ್ರೋಲನ್ನು ಬಾಯಿಂದೆಳೆದು ಎಣ್ಣೆ ಡಬ್ಬಕ್ಕೆ ತುಂಬಿದ. ಡಬ್ಬವನ್ನು ಗಾಜಿನ ಚೌಕಟ್ಟಿಗೆ ಕಟ್ಟಿ, ಕೊಳವೆಯನ್ನು ನೇರವಾಗಿ ಕಾರ್ಬ್ಯುರೇಟರಿಗೆ ಇಳಿಸಿದ. ಪಂಪು ಮಾಡಬೇಕಾದ ಕೆಲಸವನ್ನು ಭೂಮಿಯ ಆಕರ್ಷಣೆ ಮಾಡಿತು. ಹದಿನಾಲ್ಕರ ಹುಡುಗನಾದ ನಾನು ಕಂಬಳಿಕೊಪ್ಪೆ ಹೊದ್ದು, ಕೈ ಹೊರಚಾಚಿ ಆ ಡಬ್ಬವನ್ನು ಅಲುಗದಂತೆ ಹಿಡಿದುಕೊಂಡಿದ್ದೆ. ಒಮ್ಮೆ ಕೈ ಜಾರಿ ಪೆಟ್ರೋಲು ಬಿಸಿ ಬಾನೆಟ್ಟಿನ ಮೇಲೆ ಚೆಲ್ಲಿತು. ಬೆಂಕಿ ಹತ್ತದಿದ್ದುದು ಆ ಮಳೆಯ ಪುಣ್ಯ. ಅನಿವಾರ್ಯದಲ್ಲಿ ಮಾಡಿದ ಕೆಲಸವದು, ಯಾರೂ ಅನುಕರಿಸಬಾರದು. ಬೆಳಗಿನ ಜಾವಕ್ಕೆ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ಈಗ ಜೀಪನ್ನು ಮೂಲ ಸ್ವರೂಪಕ್ಕೆ ತರಲು ಹೊರಟಿರುವವನು ಅವನೇ.

ಇನ್ನು ಡೀಸೆಲ್ ಎಂಜಿನ್ನಿನ ಮಾತು. 1973ರ ನಂತರ ಪೆಟ್ರೋಲಿನ ಬೆಲೆ ಏರಿದಂತೆ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಎಲ್ಲೆಡೆ ರೂಢಿಯಾಯಿತು. 1980ರ ದಶಕದಲ್ಲಿ ಮಹೀಂದ್ರದ ಹೊಸ ಜೀಪುಗಳಿಗೇ ಫ್ರಾನ್ಸಿನ ಪ್ಯೂಜೊ ಕಂಪನಿಯ ಡೀಸೆಲ್ ಎಂಜಿನ್ ಬಂತು. ಅಪಘಾತದಲ್ಲಿ ಜಖಂಗೊಂಡ ಅಂತಹ ಒಂದು ಜೀಪಿನ ಎಂಜಿನ್ನನ್ನು ದೊಡ್ಡಪ್ಪ ಶಿವಮೊಗ್ಗದಿಂದ ತಂದ. ಉಳಿತಾಯವೊಂದೇ ಕಾರಣವಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ; ಆದ್ದರಿಂದ ಮಳೆನೀರಿಗೆ ಒದ್ದೆಯಾಗಿ ಕೈಕೊಡುವ ಡಿಸ್ಟ್ರಿಬ್ಯೂಟರೂ ಇಲ್ಲ. ಆದರೆ ಅದರ ಭಾರ ಹೆಚ್ಚು. ಮುಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಸೇರಿಸಬೇಕಾಯಿತು, ಎಂಜಿನ್ ಕೂರುವ ಕಾಲುಗಳನ್ನು ಹೊಸದಾಗಿ ಬೆಸೆಯಬೇಕಾಯಿತು. ಅದು ನಿಧಾನವಾಗಿ ತಿರುಗುವ ಎಂಜಿನ್ನಾದ್ದರಿಂದ ಗಾಡಿಯ ವೇಗವೂ ತಗ್ಗಿತು. ಬದಲಾವಣೆಯನ್ನು ಆರ್.ಸಿ. ಪುಸ್ತಕದಲ್ಲಿ ದಾಖಲಿಸಿಕೊಂಡು ಬಂದ ದಿನಾಂಕವನ್ನೂ ದೊಡ್ಡಪ್ಪ ಬರೆದಿಟ್ಟಿದ್ದಾನೆ. ಇಂದು ಇಂತಹ ಬದಲಾವಣೆ ಸುಲಭವಲ್ಲ. ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ರಸ್ತೆ ಎಲ್ಲರದೂ ಆಗಿರುವುದರಿಂದ ಅದು ನ್ಯಾಯವೇ.

ವಿಂಟೇಜ್ ನೋಂದಣಿಗೆ ಇನ್ನೊಂದು ಷರತ್ತಿದೆ: ಅಂತಹ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಕಾರಣಗಳಿಗಲ್ಲದೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಅರ್ಧ ಶತಮಾನ ದುಡಿದ ಜೀಪು ಅಂದಿನಿಂದ ಪೀಠದ ಮೇಲಿನ ಉತ್ಸವಮೂರ್ತಿ.

ಹಳೆಯ ದೇವಾಲಯವನ್ನು ನೋಡುವಾಗ ಒಬ್ಬ ಅರಸ ಕಟ್ಟಿಸಿದ ಗರ್ಭಗುಡಿ, ಇನ್ನೊಬ್ಬ ಸೇರಿಸಿದ ಮಂಟಪ, ಮತ್ತೊಬ್ಬ ಎತ್ತಿಸಿದ ಗೋಪುರ ಎಲ್ಲವನ್ನೂ ಓದಬೇಕೆಂದು ನಿಮಗೆ ಪಾಠ ಹೇಳಿದವನು ನಾನು. ಮಂಟಪ ಆಮೇಲಿನದೆಂದು ಕೆಡವಿದರೆ ಉಳಿಯುವುದು ಇತಿಹಾಸದ ಒಂದು ಪುಟ ಮಾತ್ರ. ನಮ್ಮ ಜೀಪಿನಲ್ಲಿ ಆ ಡೀಸೆಲ್ ಎಂಜಿನ್ನು ಪೆಟ್ರೋಲ್ ಎಂಜಿನ್ನಿಗಿಂತ ಹೆಚ್ಚು ಕಾಲ ದುಡಿದಿದೆ. ಮೂಲವಲ್ಲವೆಂದು ಅದನ್ನು ಹೊರಹಾಕಲು ನನಗೆ ಮನಸ್ಸು ಬಾರದು.

ಆದರೆ ಜೀಪು ಈಗ ಅವನ ಹೆಸರಿನಲ್ಲಿದೆ, ನಿರ್ಧಾರವೂ ಅವನದೇ. ಅವನನ್ನು ಈ ಲೋಕಕ್ಕೆ ತಲುಪಿಸಿದ್ದು ಆ ಪೆಟ್ರೋಲ್ ಎಂಜಿನ್ನೇ ಎಂಬುದನ್ನೂ ನಾನು ಮರೆಯಲಾರೆ. ಆದ್ದರಿಂದ ಎರಡೇ ಎರಡು ಮಾತು ಬರೆದು ಕಳುಹಿಸಿದ್ದೇನೆ: ಏನೇ ಮಾಡಿದರೂ ಡೀಸೆಲ್ ಎಂಜಿನ್ನನ್ನು ಮಾರಬೇಡ, ಮೊದಲ ಬೋಲ್ಟು ಬಿಚ್ಚುವ ಮುನ್ನ ಅಜ್ಜನ ಪುಸ್ತಕದಲ್ಲಿ ದಿನಾಂಕ ಹಾಕಿ, ಏನು ತೆಗೆದೆ, ಏಕೆ ತೆಗೆದೆ ಎಂದು ಬರೆ. ಅದರಲ್ಲಿ ಇನ್ನೂ ಹನ್ನೊಂದು ಹಾಳೆಗಳು ಖಾಲಿ ಇವೆ.