ಬರೆಯುವ ಕೈ, ತಂತಿ ಬಡಿಯುವ ಕೈ

ಇಟಲಿಯ ಮೊಡೆನಾದ ವೈದ್ಯ ಬರ್ನಾರ್ಡಿನೋ ರಾಮಾಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ರೋಗಿಗೆ ಕೇಳಬೇಕೆಂದು ಹಿಪೊಕ್ರೇಟಿಸ್ ಹೇಳಿದ್ದ ಪ್ರಶ್ನೆಗಳ ಜೊತೆ ಅವರು ಇನ್ನೊಂದನ್ನು ಸೇರಿಸಿದರು: ನೀನು ಮಾಡುವ ಕೆಲಸವೇನು? ವೈದ್ಯಕೀಯಕ್ಕೆ ಇಷ್ಟು ಉಪಕಾರ ಮಾಡಿದ ಪ್ರಶ್ನೆ ಅಪರೂಪ.

1713ರ ಆವೃತ್ತಿಯಲ್ಲಿ ಗುಮಾಸ್ತರ ಸರದಿ ಬಂತು. ಕೂತೇ ಇರುವುದು, ಕೈ ಬಿಡುವಿಲ್ಲದೆ ಒಂದೇ ಬಗೆಯಲ್ಲಿ ಆಡುವುದು, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿ: ಈ ಮೂರೂ ಅವರನ್ನು ಕಾಡುತ್ತವೆ ಎಂದರು ರಾಮಾಜಿನಿ. ಅವರಿಗೆ ಗೊತ್ತಿದ್ದ ನೋಟರಿಯೊಬ್ಬ ಜೀವಮಾನವಿಡೀ ಬರೆದವನು. ಮೊದಲು ತೋಳಿಡೀ ಸೋತಂತಾಯಿತು, ಯಾವ ಮದ್ದಿಗೂ ಬಗ್ಗಲಿಲ್ಲ, ಕೊನೆಗೆ ಬಲಗೈ ಬಿದ್ದೇಹೋಯಿತು. ಹೊಟ್ಟೆಪಾಡು ಬಿಡುತ್ತದೆಯೇ? ಎಡಗೈಯಲ್ಲಿ ಬರೆಯಲು ಕಲಿತ. ಕೆಲ ಕಾಲದಲ್ಲೇ ಅದಕ್ಕೂ ಅದೇ ಗತಿಯಾಯಿತು.

ಹತ್ತೊಂಬತ್ತನೇ ಶತಮಾನದಲ್ಲಿ ಈ ನೋವು ತಂತಿ ಕಚೇರಿಗೆ ಬಂತು. ಮೋರ್ಸ್ ಸಂಕೇತದಲ್ಲಿ ‘ಎಚ್’ ಅಕ್ಷರವೆಂದರೆ ನಾಲ್ಕು ಚುಕ್ಕೆ. ಸಾದಾ ಕೀಲಿಯಲ್ಲಿ ಮಣಿಕಟ್ಟು ನಾಲ್ಕು ಸಲ ಮೇಲೆ ಕೆಳಗೆ ಆಡಬೇಕು. ದಿನವಿಡೀ ಹೀಗೆ ಬಡಿದು ಬಡಿದು ತಂತಿ ಗುಮಾಸ್ತರ ಕೈ ಹೇಳಿದ ಮಾತು ಕೇಳದಾಯಿತು. 1904ರಲ್ಲಿ ಅಮೆರಿಕದ ಹೊರೇಸ್ ಮಾರ್ಟಿನ್ ಪಕ್ಕಕ್ಕೆ ಸರಿಯುವ ಕೀಲಿಗೆ ಪೇಟೆಂಟ್ ಪಡೆದರು. ಅದನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಹಿಡಿದರೆ ಚುಕ್ಕೆಗಳು ತಾವಾಗಿಯೇ ಸಾಲಾಗಿ ಬರುತ್ತಿದ್ದವು. ಬ್ರಿಟನ್ 1908ರಲ್ಲಿ ತಂತಿ ಗುಮಾಸ್ತರ ಈ ಕೈಸೆಳೆತವನ್ನು ಪರಿಹಾರಕ್ಕೆ ಅರ್ಹವಾದ ಕಸುಬು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸೋಮಾರಿಯ ನೆಪವಲ್ಲ, ದುಡಿಮೆಯ ಗಾಯ ಎಂದು ಕಾನೂನೇ ಒಪ್ಪಿದ್ದು ದೊಡ್ಡ ಮಾತು.

ಮಣಿಕಟ್ಟಿನ ಒಳಗುಟ್ಟು ಬಿಡಿಸಿದವರಲ್ಲಿ ಅಮೆರಿಕದ ಕೈಶಸ್ತ್ರವೈದ್ಯ ಜಾರ್ಜ್ ಫೇಲನ್ ಮುಖ್ಯರು. ಅಲ್ಲೊಂದು ಇಕ್ಕಟ್ಟಾದ ಸುರಂಗವಿದೆ. ಅದರಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಹಾದುಹೋಗುತ್ತದೆ. ನರ ಅದುಮಿಹೋದರೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿಯುತ್ತವೆ. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಗುರವೆನಿಸುತ್ತದೆ. ಮಣಿಕಟ್ಟನ್ನು ಒಂದು ನಿಮಿಷ ಮಡಚಿ ಹಿಡಿದು ಜೋಮು ಬರುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು.

ದುಡಿದು ಬಂದ ನೋವು ಸಾಮಾನ್ಯವಾಗಿ ಕೈಗೆ ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ವಾರಗಳಾದರೂ ಇಳಿಯದಿದ್ದರೆ, ಜೋಮು ಬಿಡದಿದ್ದರೆ, ಹಿಡಿದ ಲೋಟ ಜಾರತೊಡಗಿದರೆ, ಹೆಬ್ಬೆರಳ ಬುಡದ ಮಾಂಸ ಇಳಿದರೆ ವೈದ್ಯರನ್ನು ಕಾಣಬೇಕು. ಬಿದ್ದು ಕೈ ಸೊಟ್ಟಗಾದರೆ, ಊತದ ಜೊತೆ ಜ್ವರ ಬಂದರೆ ಅಂದೇ ಹೋಗಬೇಕು.

ತೋಳಿನ ಎಲ್ಲ ನೋವೂ ತೋಳಿನದಲ್ಲ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ 1768ರಲ್ಲೇ, ಎದೆಯ ಹಿಂಡುವ ನೋವು ಎಡತೋಳಿನ ನಡುವಿನವರೆಗೂ ಇಳಿಯುವುದನ್ನು ವಿವರಿಸಿದ್ದರು. ಎದೆ ಬಿಗಿದು, ಬೆವರೊಡೆದು, ಉಸಿರು ಸಿಕ್ಕಿಕೊಂಡು ತೋಳು ನೋಯುತ್ತಿದ್ದರೆ ಮುಲಾಮು ಹಚ್ಚಿ ಬೆಳಗಾಗಲೆಂದು ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.